ಒಣನೆಲದ ವಿದ್ವತ್ತು: ವಿಜಯಪುರ ಸೀಮೆಯಲ್ಲಿ ಸಾಹಿತ್ಯ, ನಗರ ಚರಿತ್ರೆ, ವೈದ್ಯ ಮತ್ತು ಜೀವವಿಜ್ಞಾನ



ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹೊಳೆ ಹರಿಯುವ ಎರೆಭೂಮಿಯ ಈ ಸೀಮೆಯಲ್ಲಿ ಕಳೆದ ನೂರು ವರ್ಷಗಳಿಗೂ ಮಿಕ್ಕು ನಡೆದ ವಿದ್ವತ್ ಸಂಶೋಧನೆಯ ಕೆಲವು ಎಳೆಗಳನ್ನು ಒಟ್ಟಿಗೆ ಹಿಡಿದು ನೋಡುವುದು ಈ ಉಪನ್ಯಾಸದ ಉದ್ದೇಶ. ಹಳೆಯ ತಾಲ್ಲೂಕುಗಳನ್ನು ಒಡೆದು ಚಡಚಣ, ತಾಳಿಕೋಟಿ, ನಿಡಗುಂದಿ ಮೊದಲಾದ ಹೊಸ ತಾಲ್ಲೂಕುಗಳನ್ನು ಮಾಡಲಾಗಿದೆಯಾದರೂ ವಿವೇಚನೆಯ ಅನುಕೂಲಕ್ಕಾಗಿ ಇಲ್ಲಿ ಹಳೆಯ ಗಡಿಗಳನ್ನೇ ಇಟ್ಟುಕೊಳ್ಳಲಾಗಿದೆ. ಮೊದಲು ಸಾಹಿತ್ಯ ಸಂಶೋಧನೆಯನ್ನೂ, ಬಳಿಕ ವಿಜಯಪುರ ನಗರದ ಚರಿತ್ರೆಯನ್ನೂ, ಅನಂತರ ವೈದ್ಯವನ್ನೂ ಎತ್ತಿಕೊಂಡು, ಜೀವವಿಜ್ಞಾನವನ್ನು ಅದು ಬೇಕಾದ ಕಡೆಯಲ್ಲೆಲ್ಲ ಕರೆತರಲಾಗುವುದು. ಈ ನಾಲ್ಕು ಶಾಸ್ತ್ರಗಳು ವಿಶ್ವವಿದ್ಯಾಲಯದಲ್ಲಿ ನಾಲ್ಕು ಕಟ್ಟಡಗಳಲ್ಲಿ ಇರುತ್ತವೆ. ಈ ನೆಲದಲ್ಲಿ ಮಾತ್ರ ಅವು ಒಂದೇ ನೀರಿನ ಸುತ್ತ ಕೂಡುತ್ತವೆ. ಒಂದು ಶಾಸ್ತ್ರ ಕೊಟ್ಟ ಉತ್ತರ ಮತ್ತೊಂದು ಶಾಸ್ತ್ರದ ಬಾಗಿಲಲ್ಲಿ ಪ್ರಶ್ನೆಯಾಗಿ ಬಂದು ನಿಲ್ಲುತ್ತದೆ ಎಂಬುದೇ ಇಲ್ಲಿ ಪ್ರತಿಪಾದಿಸಬೇಕಾಗಿರುವ ವಿಚಾರ.

ದತ್ತಿ ಉಪನ್ಯಾಸಕ್ಕಾಗಿ ಕೂಡಿರುವ ಸಭೆಯಲ್ಲಿ ಇಂಡಿ ತಾಲ್ಲೂಕಿನ ಸಾಲೋಟಗಿಯನ್ನು ಮೊದಲು ನೆನೆಯುವುದು ಉಚಿತ. ಅಲ್ಲಿಯ ಕಂಬದ ಶಾಸನ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ್ದು, ಕ್ರಿ.ಶ. 945ರದು. ಚಕ್ರವರ್ತಿಯ ಮಂತ್ರಿಯಾಗಿದ್ದ ನಾರಾಯಣನು ಪಾವಿಟ್ಟಗೆ ಎಂದು ಆಗ ಕರೆಯಲಾಗುತ್ತಿದ್ದ ಈ ಊರಿನಲ್ಲಿ ಶಾಲೆಯನ್ನು, ಅಂದರೆ ಉನ್ನತ ವಿದ್ಯೆಯ ಪೀಠವನ್ನು ಕಟ್ಟಿಸಿದನೆಂದೂ, ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆ 27 ಮನೆಗಳಿದ್ದವೆಂದೂ, ರಾತ್ರಿ ದೀಪ ಉರಿಸುವುದಕ್ಕೆಂದೇ ಭೂಮಿ ಬಿಟ್ಟಿತ್ತೆಂದೂ ಅದು ತಿಳಿಸುತ್ತದೆ. ಮದುವೆ, ಮುಂಜಿಗಳಂಥ ಶುಭಕಾರ್ಯಗಳಲ್ಲಿ ಊರವರು ಶಾಲೆಗೆ ಇಷ್ಟಿಷ್ಟು ಹಣ ಸಲ್ಲಿಸಬೇಕೆಂಬ ಕಟ್ಟಳೆಯೂ ಅದರಲ್ಲಿದೆ. ಮಂತ್ರಿ ಕೊಟ್ಟ ದತ್ತಿಯನ್ನು ಊರು ತನ್ನ ಮನೆಯ ಸಂಭ್ರಮದಿಂದ ತೆಗೆದು ಬೆಳೆಸಬೇಕೆಂಬ ಈ ಏರ್ಪಾಟು ವಿದ್ಯೆಯ ಆರ್ಥಿಕ ಚರಿತ್ರೆಯಲ್ಲಿ ಇನ್ನೂ ಸಾಕಷ್ಟು ಚರ್ಚೆಯಾಗಬೇಕಾದ ಸಂಗತಿ.

ಈಗ ಆಧುನಿಕ ಕಾಲದ ಸಾಹಿತ್ಯ ಸಂಶೋಧನೆಗೆ ಬರಬಹುದು. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲಿ ವೃತ್ತಿ ಹಿಡಿದ ಫ.ಗು. ಹಳಕಟ್ಟಿಯವರ ಹೆಸರಿಲ್ಲದೆ ಆ ಮಾತು ಆರಂಭವಾಗುವಂತಿಲ್ಲ. ಮಠಗಳ ಗದ್ದುಗೆಗಳಲ್ಲಿ, ಮನೆಗಳ ಜಗುಲಿಗಳಲ್ಲಿ ಪೂಜೆಗೊಳ್ಳುತ್ತಿದ್ದ ಓಲೆಗರಿಯ ಕಟ್ಟುಗಳನ್ನು ಅವರು ಹುಡುಕಿ ತಂದು, ಒಂದು ಪ್ರತಿಯನ್ನು ಇನ್ನೊಂದರ ಜೊತೆಗೆ ಹೋಲಿಸಿ, ನಕಲು ಮಾಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ನಡೆಸಲು ತೊಡಗಿದರು. ಅದೇ ವರ್ಷ ಬಳ್ಳಾರಿಯಲ್ಲಿ ಸೇರಿದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರದಾಯಿತು. ಕೆಲವೇ ವಚನಕಾರರ ಹೆಸರು ಮಾತ್ರ ಚಾಲ್ತಿಯಲ್ಲಿದ್ದ ಕಾಲದಲ್ಲಿ ಅವರ ಪರಿಶ್ರಮದಿಂದ ಇನ್ನೂರಕ್ಕೂ ಮೀರಿದ ವಚನಕಾರರು ಬೆಳಕಿಗೆ ಬಂದರು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಮಾತು ಎಂಟು ಶತಮಾನಗಳ ಬಳಿಕ ಅದೇ ಸೀಮೆಯ ಮುದ್ರಣಾಲಯದಿಂದ ನಾಡಿಗೆ ಮರಳಿತು.

ಹಳಕಟ್ಟಿಯವರನ್ನು ವಚನ ಪಿತಾಮಹರೆಂದು ಗೌರವಿಸುವುದು ರೂಢಿಯಾಗಿದೆ, ಅದು ಸಲ್ಲತಕ್ಕ ಗೌರವವೇ. ಆದರೆ ಅವರ ವಿಧಾನವನ್ನು ಅಭ್ಯಾಸ ಮಾಡಿದವರು ಕಡಿಮೆ. ಮೂಲಪ್ರತಿ ಯಾರ ಮನೆಯದು, ಯಾವ ಕಾಲದ್ದು, ಬೇರೊಂದು ಪ್ರತಿ ಅದಕ್ಕೆ ಹೊಂದುತ್ತದೆಯೆ ಎಂದು ಕೇಳುವ ನ್ಯಾಯಾಲಯದ ಸಾಕ್ಷ್ಯವಿವೇಕ ಅವರ ಸಂಪಾದನೆಯ ಹಿಂದೆ ಕೆಲಸ ಮಾಡಿತ್ತೆಂದು ಭಾವಿಸಲು ಅವಕಾಶವಿದೆ. ಅವರ ಆಸಕ್ತಿಯೂ ಓಲೆಗರಿಗೆ ಸೀಮಿತವಾಗಿರಲಿಲ್ಲ. ಅವರು 1910ರಲ್ಲಿ ಕಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆ ಇಂದು ವೈದ್ಯಕೀಯ ಕಾಲೇಜನ್ನೂ, ಅವರ ಹೆಸರಿನ ಸಂಶೋಧನ ಕೇಂದ್ರವನ್ನೂ ಒಟ್ಟಿಗೆ ನಡೆಸುತ್ತಿದೆ. ಆದಿಲ್‌ಶಾಹಿ ಕಾಲದ ಪಾರಸಿ ಮತ್ತು ದಖನಿ ಕೃತಿಗಳನ್ನು ಕನ್ನಡಕ್ಕೆ ತರುವ ದೊಡ್ಡ ಯೋಜನೆ ನಡೆದದ್ದು ಅದೇ ಕೇಂದ್ರದಲ್ಲಿ.

ಆ ಅನುವಾದ ಯೋಜನೆಗೆ ಮಾರ್ಗದರ್ಶನ ನೀಡಿದವರು ಸಿಂದಗಿ ತಾಲ್ಲೂಕಿನ ಯರಗಲ್ಲಿನ ಎಂ.ಎಂ. ಕಲಬುರ್ಗಿಯವರು. ಶಾಸನ, ಹಸ್ತಪ್ರತಿ, ಜಾನಪದ, ಸ್ಥಳನಾಮ ಇವುಗಳನ್ನು ಒಂದರಿಂದ ಇನ್ನೊಂದನ್ನು ತಿದ್ದಿಕೊಳ್ಳುತ್ತ ಓದುವ ಪದ್ಧತಿಯನ್ನು ಅವರ ‘ಮಾರ್ಗ’ ಸಂಪುಟಗಳು ಕನ್ನಡಕ್ಕೆ ಕಲಿಸಿದವು. ಅವುಗಳ ನಾಲ್ಕನೆಯ ಸಂಪುಟಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿಯೇ ಅವರ ಹತ್ಯೆಯಾದದ್ದು ಕನ್ನಡ ವಿದ್ವತ್ತಿನ ಚರಿತ್ರೆಯಲ್ಲಿ ಮಾಯದ ಗಾಯ. ಶಾಸನವನ್ನು ಓದುವವನು ಭಯವಿಲ್ಲದೆ ಓದಬೇಕಾದ ಪರಿಸರ ಸಂಶೋಧನೆಯ ಮೊದಲ ಅಗತ್ಯವೆಂಬುದನ್ನು ಈ ಸೀಮೆ ಬಹಳ ದೊಡ್ಡ ಬೆಲೆ ತೆತ್ತು ಅರಿತಿದೆ.

ಬರೆಹದ ಸಾಹಿತ್ಯದಿಂದ ಬಾಯಿಮಾತಿನ ಸಾಹಿತ್ಯದ ಕಡೆ ಹೊರಳಿದರೆ ಭೀಮಾತೀರದ ಹಲಸಂಗಿ ಎದುರಾಗುತ್ತದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದರು. ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಅದರ ಬೆನ್ನಿಗೆ ಬಂದವು. ತವರು, ಅಣ್ಣ, ಎತ್ತು, ಜೋಳ, ಮಳೆ ಇವು ಆ ಹಾಡುಗಳ ಲೋಕ. ಕಾವ್ಯಗುಣಕ್ಕಾಗಿ ಅವನ್ನು ಮೆಚ್ಚಿದ ವಿಮರ್ಶೆ ಅವು ಕೆಲಸದ ಹಾಡುಗಳೆಂಬುದನ್ನು ಕೆಲವೊಮ್ಮೆ ಮರೆತಿದೆ: ಬೀಸುವ ಕಲ್ಲಿನ ಸುತ್ತು ತ್ರಿಪದಿಯ ಲಯವನ್ನು ಹೊತ್ತಿತ್ತು, ಬೀಸುವ ಧಾನ್ಯವಾಗಿ ಜೋಳವಿತ್ತು, ಜೋಳದ ಹಿಂದೆ ಹಿಂಗಾರಿ ಮಳೆಯನ್ನು ಮಾರ್ಚ್‌ವರೆಗೆ ಹಿಡಿದಿಡುವ ಎರೆ ಮಣ್ಣಿತ್ತು. ಹಿಟ್ಟಿನ ಗಿರಣಿ ಊರಿಗೆ ಬಂದಾಗ ಹೆಣ್ಣುಮಕ್ಕಳ ರಟ್ಟೆಗೆ ವಿಶ್ರಾಂತಿ ಸಿಕ್ಕಿತು, ಹಾಡಿಗೆ ನೆಲೆ ತಪ್ಪಿತು. ಗೆಳೆಯರ ಸಂಗ್ರಹ ಆ ಸಂಧಿಕಾಲದಲ್ಲಿ ನಡೆದದ್ದರಿಂದಲೇ ಅದರ ಬೆಲೆ ಇಷ್ಟು.

ಇನ್ನು ಎರಡನೆಯ ವಿಷಯ, ನಗರ ಚರಿತ್ರೆ. ವಿಜಯಪುರ ನಗರದ ಚರಿತ್ರೆಯನ್ನು ಗೋಲಗುಮ್ಮಟದ ಗುಮ್ಮಟದಿಂದ ಆರಂಭಿಸುವುದು ವಾಡಿಕೆ. ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ 1866ರಲ್ಲಿ ಪ್ರಕಟಿಸಿದ ಗ್ರಂಥ, ಹೆನ್ರಿ ಕೌಸೆನ್ಸ್ 1916ರಲ್ಲಿ ಪ್ರಕಟಿಸಿದ ವಾಸ್ತು ಸಮೀಕ್ಷೆ ಇವೆರಡೂ ಕಟ್ಟಡಗಳ ಅಧ್ಯಯನಕ್ಕೆ ಬುನಾದಿ ಹಾಕಿದವು. ಆದರೆ ಹೊಳೆಯಿಲ್ಲದ ಬಯಲಿನಲ್ಲಿ ಒಂದು ರಾಜಧಾನಿ ಹೇಗೆ ಬದುಕಿತು ಎಂಬ ಪ್ರಶ್ನೆಯಿಂದ ಆರಂಭಿಸಿದರೆ ನಗರದ ಬೇರೊಂದು ಚಿತ್ರ ಏಳುತ್ತದೆ. ಮುದ್ದೇಬಿಹಾಳ ತಾಲ್ಲೂಕಿನ ರಕ್ಕಸಗಿ, ತಂಗಡಗಿ, ತಾಳಿಕೋಟಿಗಳ ಹೆಸರು ಹೊತ್ತಿರುವ 1565ರ ಕಾಳಗದಲ್ಲಿ ವಿಜಯನಗರವನ್ನು ಸೋಲಿಸಿದ ಕೂಟದಲ್ಲಿದ್ದ ಒಂದನೆಯ ಅಲಿ ಆದಿಲ್‌ಶಾಹಿ ಆ ಗೆಲುವಿನ ಸಂಪತ್ತನ್ನು ತನ್ನ ರಾಜಧಾನಿಗೆ ಸುರಿದನು. ಸುಮಾರು ಹತ್ತು ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ ಆ ಕಾಲದ್ದು. ಗೋಡೆಯ ಒಳಗೆ ಜನ ಹೆಚ್ಚಿದಂತೆ ನೀರಿನ ಚಿಂತೆಯೂ ಹೆಚ್ಚಿತು.

ಆ ಚಿಂತೆಗೆ ಉತ್ತರ ಸಿಕ್ಕಿದ್ದು ನಗರದ ಪಶ್ಚಿಮಕ್ಕಿರುವ ತೊರವೆಯಲ್ಲಿ. ‘ತೊರವೆ ರಾಮಾಯಣ’ವನ್ನು ಬರೆದ ಕುಮಾರವಾಲ್ಮೀಕಿ, ಅಂದರೆ ನರಹರಿ ಕವಿಯ ತೊರವೆ ಇದೇ. ಸಾಹಿತ್ಯ ವಿದ್ಯಾರ್ಥಿಗೆ ಕವಿಯ ಊರಾಗಿ ಪರಿಚಿತವಾದ ಈ ಸ್ಥಳ ನಗರ ಚರಿತ್ರೆಯ ವಿದ್ಯಾರ್ಥಿಗೆ ಜಲಮೂಲವಾಗಿ ಪರಿಚಿತ. ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ 1599ರಿಂದ ಕಟ್ಟಿಸಲು ತೊಡಗಿ, 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಸಿಕ್ಕ ನವರಸಪುರವೂ ಇದರ ಆಸುಪಾಸಿನದೇ. ತೊರವೆಯಿಂದ ನೆಲದಡಿಯ ಕಾಲುವೆಯಲ್ಲಿ ನೀರು ನಗರಕ್ಕೆ ಬರುತ್ತಿತ್ತು. 1651ರಲ್ಲಿ ದಕ್ಷಿಣದ ಬೇಗಂ ತಲಾಬ್ ಎಂಬ ಕೆರೆಯಿಂದ ಇನ್ನೊಂದು ದಾರಿ ಸೇರಿತು. ಮಣ್ಣಿನ ಕೊಳವೆಗಳನ್ನು ಗಾರೆಯಲ್ಲಿ ಹುದುಗಿಸಿ, ಹರಿವಿನ ಒತ್ತಡದಿಂದ ಅವು ಒಡೆಯದಂತೆ ಅಲ್ಲಲ್ಲಿ ಗಂಜ್ ಎಂಬ ಗೋಪುರಗಳನ್ನು ಎತ್ತಿ, ನೀರನ್ನು ಏರಿಸಿ ಇಳಿಸಿ ಮುಂದಕ್ಕೆ ಕಳಿಸುವ ಈ ವ್ಯವಸ್ಥೆಯನ್ನು ಕ್ಲೌಸ್ ರೋಟ್ಸರ್ ಎಂಬ ವಿದ್ವಾಂಸರು 1984ರಲ್ಲಿ ಫ್ರೆಂಚ್ ಭಾಷೆಯ ಪ್ರಬಂಧವೊಂದರಲ್ಲಿ ವಿಸ್ತಾರವಾಗಿ ವಿವರಿಸಿದ್ದಾರೆ. ಇದರ ಜೊತೆಗೆ ಚಾಂದ್ ಬಾವಡಿ, 1620ರ ತಾಜ್ ಬಾವಡಿಗಳಂಥ ಪಾವಟಿಗೆಯ ಬಾವಿಗಳು, ಅಂದರೆ ಮೆಟ್ಟಿಲಿಳಿದು ನೀರು ಮುಟ್ಟುವ ದೊಡ್ಡ ಬಾವಿಗಳು ಓಣಿಗಳಿಗೆ ಆಸರೆಯಾದವು. ಹಳ್ಳಿಗಳಲ್ಲಿಯೂ ಅದೇ ಮಾದರಿಯ ಸಣ್ಣ ಬಾವಿಗಳಿದ್ದವು.

ಇದೇ ನಗರದಲ್ಲಿ ಚರಿತ್ರೆ ಮತ್ತು ವೈದ್ಯ ಒಬ್ಬನೇ ಲೇಖಕನಲ್ಲಿ ಕೂಡಿದ ಉದಾಹರಣೆಯೂ ಇದೆ. ಮಹಮ್ಮದ್ ಕಾಸಿಂ ಫಿರಿಸ್ತಾ 1589ರಲ್ಲಿ ವಿಜಯಪುರಕ್ಕೆ ಬಂದು ಎರಡನೆಯ ಇಬ್ರಾಹಿಮನ ಆಶ್ರಯದಲ್ಲಿ ಪ್ರಸಿದ್ಧ ಚರಿತ್ರೆಯನ್ನು ಬರೆದವನು. ಅವನು ‘ದಸ್ತೂರುಲ್ ಅತಿಬ್ಬಾ’ ಎಂಬ ವೈದ್ಯಗ್ರಂಥವನ್ನೂ ಬರೆದಿದ್ದಾನೆ. ಪಾರಸಿ ಬಲ್ಲ ಹಕೀಮರಿಗೆ ಆಯುರ್ವೇದದ ತತ್ತ್ವಗಳನ್ನೂ ಈ ನೆಲದ ಔಷಧದ್ರವ್ಯಗಳನ್ನೂ ತಿಳಿಸುವುದು ಅದರ ಗುರಿ. ಯುನಾನಿ ಪರಂಪರೆಯಲ್ಲಿ ಬೆಳೆದವನು ಊರಿನ ಗಿಡಮೂಲಿಕೆಯ ಮುಂದೆ ವಿದ್ಯಾರ್ಥಿಯಾಗಿ ಕುಳಿತ ಆ ಕೃತಿಯನ್ನು ಸಸ್ಯಶಾಸ್ತ್ರಜ್ಞರೂ ಆಯುರ್ವೇದ ಪಂಡಿತರೂ ಪಾರಸಿ ಬಲ್ಲವರೂ ಒಂದೇ ಮೇಜಿನ ಸುತ್ತ ಕುಳಿತು ಓದಬೇಕು. ಅಂಥ ಓದಿಗೆ ಬೇಕಾದ ಸಾಮಗ್ರಿ ಊರಿನಲ್ಲಿ ಉಳಿಯಲಿಲ್ಲ ಎಂಬುದು ನೋವಿನ ಸಂಗತಿ: ಅಸಾರ್ ಮಹಲಿನಲ್ಲಿದ್ದ ಹಸ್ತಪ್ರತಿಗಳನ್ನು 1853ರಲ್ಲಿ ಲಂಡನ್ನಿಗೆ ಸಾಗಿಸಲಾಯಿತು, ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

ವೈದ್ಯದ ಪ್ರಸ್ತಾಪ ಬಂದಿರುವುದರಿಂದ ಈಗ ಮೂರನೆಯ ವಿಷಯವನ್ನು ಎತ್ತಿಕೊಂಡು, ಅದರಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುವುದು ಅಗತ್ಯ. ನಗರ ಚರಿತ್ರೆಕಾರರು ಕೊಂಡಾಡುವ ಅದೇ ಪಾವಟಿಗೆಯ ಬಾವಿಯನ್ನು ವೈದ್ಯಶಾಸ್ತ್ರ ಬೇರೆ ಕಣ್ಣಿನಿಂದ ನೋಡಬೇಕಾಯಿತು. ಉತ್ತರ ಕರ್ನಾಟಕದ ಒಣ ಜಿಲ್ಲೆಗಳಲ್ಲಿ ತಲೆಮಾರುಗಳ ಕಾಲ ಜನರನ್ನು ಕಾಡಿದ ನಾರುಹುಣ್ಣಿನ ನೆಲೆ ಅದು. ನಾರು ಎಂಬುದು ಒಂದು ಪರೋಪಜೀವಿ ಹುಳು. ಅದರ ಹೆಣ್ಣು ಎರಡರಿಂದ ಮೂರು ಅಡಿ ಉದ್ದ ಬೆಳೆಯುತ್ತದೆ. ಆಯುರ್ವೇದದಲ್ಲಿ ಸ್ನಾಯುಕವೆಂದು ಕರೆದದ್ದು ಇದನ್ನೇ. ಕಾಲಿನಲ್ಲಿ ಉರಿಯುವ ಬೊಬ್ಬೆಯೆದ್ದು ಒಡೆದು ಹುಳುವಿನ ತುದಿ ಕಾಣಿಸಿಕೊಂಡಾಗ ಅದನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯುತ್ತ ಹೋಗುವುದೇ ಶತಮಾನಗಳ ಚಿಕಿತ್ಸೆ. ಹುಳು ಒಳಗೆ ಹರಿದರೆ ಕೀವು, ಊತ, ಕೆಲವೊಮ್ಮೆ ಕಾಯಂ ಕುಂಟು. ಅದಕ್ಕೆ ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಔಷಧಿಯೂ ಇಲ್ಲ.

ರೋಗದ ಗುಟ್ಟು ಬಿಚ್ಚಿದ್ದು ಜೀವವಿಜ್ಞಾನ. ರಷ್ಯದ ನಿಸರ್ಗವಿಜ್ಞಾನಿ ಅಲೆಕ್ಸಿ ಫೆಡ್‌ಚೆಂಕೊ 1870ರಲ್ಲಿ ಮಧ್ಯ ಏಷ್ಯದಲ್ಲಿ ಈ ಹುಳುವಿನ ಮರಿಗಳು ಸೈಕ್ಲಾಪ್ಸ್ ಎಂಬ ಜಲಜೀವಿಯ ದೇಹದೊಳಗೆ ಬೆಳೆಯುವುದನ್ನು ಕಂಡುಹಿಡಿದನು. ಸೈಕ್ಲಾಪ್ಸ್ ನಿಂತ ನೀರಿನಲ್ಲಿ ಈಜಾಡುವ, ಒಂದೆರಡು ಮಿಲಿಮೀಟರಿನ, ಸೀಗಡಿಯ ವರ್ಗಕ್ಕೆ ಸೇರಿದ ಪ್ರಾಣಿ. ನೀರು ತುಂಬುವವರು ಪಾವಟಿಗೆಗಳನ್ನಿಳಿದು ಹುಣ್ಣಿನ ಕಾಲನ್ನು ನೀರಿನಲ್ಲಿಟ್ಟ ಕ್ಷಣಕ್ಕೆ ಹೆಣ್ಣುಹುಳು ಸಾವಿರಾರು ಮರಿಗಳನ್ನು ಬಿಡುತ್ತದೆ. ಸೈಕ್ಲಾಪ್ಸ್ ಅವನ್ನು ನುಂಗುತ್ತದೆ. ಎರಡು ವಾರಗಳಲ್ಲಿ ಮರಿ ಸೋಂಕು ಹರಡುವಷ್ಟು ಬೆಳೆಯುತ್ತದೆ. ಅದೇ ನೀರು ಕೊಡದಲ್ಲಿ ಮನೆಗೆ ಬಂದು ಹೊಟ್ಟೆ ಸೇರುತ್ತದೆ. ಸುಮಾರು ಒಂದು ವರ್ಷದ ಬಳಿಕ ಕುಡಿದವರ ಕಾಲಿನಲ್ಲಿ ಹುಳು ಹೊರಬರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಷ್ಟೂ ಜನ ಆಳಕ್ಕೆ ಇಳಿಯಬೇಕು, ಅಳಿದುಳಿದ ನೀರಿನಲ್ಲಿ ಸೈಕ್ಲಾಪ್ಸ್ ಒತ್ತಾಗಿರುತ್ತದೆ. ಹೀಗೆ ಬೇಸಿಗೆಯಲ್ಲಿ ಕುಡಿದದ್ದು ಮರುವರ್ಷ ಹೊಲ ಹರಗುವ, ಬಿತ್ತುವ ಹೊತ್ತಿಗೆ ದುಡಿಯುವ ಕಾಲನ್ನೇ ಹಿಡಿಯುತ್ತಿತ್ತು. ಮಳೆ ಬಂದರೂ ಕೂರಿಗೆ ಹೂಡುವವನಿಲ್ಲದ ಮನೆಯ ಬರ ಸರ್ಕಾರದ ಮಳೆಮಾಪಕದಲ್ಲಿ ದಾಖಲಾಗುವಂಥದಲ್ಲ; ಕೃಷಿ ಚರಿತ್ರೆಯನ್ನು ಬರೆಯುವವರು ಈ ರೋಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅವರ ಲೆಕ್ಕ ತಪ್ಪುತ್ತದೆ.

ಈ ಕ್ಷೇತ್ರದಲ್ಲಿ ಕನ್ನಡ ನಾಡಿನ ಕೊಡುಗೆ ಚಿಕ್ಕದಲ್ಲ. ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯ ವಿ.ಎನ್. ಮೂರ್ತಿಯವರು ಚಿತ್ರದುರ್ಗ ಜಿಲ್ಲೆಯಲ್ಲಿ ನಾರಿನ ಮೇಲೆ ಸಂಶೋಧನೆ ನಡೆಸಿ, ಸೈಕ್ಲಾಪ್ಸನ್ನು ತಿನ್ನುವ ಬಾರ್ಬಸ್ ಕುಲದ ಸಣ್ಣ ಮೀನುಗಳನ್ನು ಪಾವಟಿಗೆಯ ಬಾವಿಗಳಲ್ಲಿ ಬಿಟ್ಟು ರೋಗವನ್ನು ತಗ್ಗಿಸುವ ವಿಧಾನವನ್ನು ಡಬ್ಲ್ಯು.ಸಿ. ಸ್ವೀಟ್ ಅವರೊಂದಿಗೆ 1936ರಲ್ಲಿ ಪ್ರಕಟಿಸಿದರು. ಬಾವಿಯನ್ನು ಮುಚ್ಚದೆ, ವಿಷ ಹಾಕದೆ, ನೀರಿನೊಳಗಿನ ಜೀವಸಂಬಂಧವನ್ನೇ ಬಳಸಿಕೊಂಡ ಆ ಪ್ರಯೋಗ ಇಂದಿಗೂ ಓದತಕ್ಕದ್ದು. ಮುಂದೆ 1983-84ರಲ್ಲಿ ಭಾರತ ಸರ್ಕಾರ ನಾರು ನಿರ್ಮೂಲನೆಯ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದಾಗ ದೇಶದಲ್ಲಿ ವರ್ಷಕ್ಕೆ ಸುಮಾರು 40,000 ಪ್ರಕರಣಗಳು ಕಾಣುತ್ತಿದ್ದವು. ಮೆಟ್ಟಿಲು ಮುಚ್ಚಿ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡುವುದು, ಟೆಮೆಫೋಸ್ ಎಂಬ ರಾಸಾಯನಿಕವನ್ನು ಹದವರಿತು ಹಾಕುವುದು, ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುವುದು, ಎಲ್ಲಕ್ಕೂ ಮಿಗಿಲಾಗಿ ಹಳ್ಳಿಗಳಲ್ಲಿ ಕೊಳವೆಬಾವಿ ಕೊರೆದು ಕೈಪಂಪು ಕೂರಿಸುವುದು ಕಾರ್ಯಕ್ರಮದ ಮುಖ್ಯ ಉಪಾಯಗಳು. 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕಂಡದ್ದೇ ದೇಶದ ಕೊನೆಯ ಪ್ರಕರಣ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಮುಕ್ತವೆಂದು ಪ್ರಮಾಣೀಕರಿಸಿತು. ಲಸಿಕೆಯಿಲ್ಲದೆ, ಔಷಧಿಯಿಲ್ಲದೆ, ನೀರನ್ನು ಅರಿತುಕೊಂಡದ್ದರಿಂದಲೇ ಸಾಧಿಸಿದ ಈ ಗೆಲುವಿಗೆ ಸಾರ್ವಜನಿಕ ಆರೋಗ್ಯದ ಚರಿತ್ರೆಯಲ್ಲಿ ಉನ್ನತ ಸ್ಥಾನ ಸಲ್ಲಬೇಕು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ನಾರಿನಿಂದ ಬಿಡುಗಡೆ ಕೊಟ್ಟ ಕೊಳವೆಬಾವಿ ಮಳೆನೀರಿನ ಬದಲು ಬಂಡೆಯ ಬಿರುಕುಗಳಲ್ಲಿ ಬಹುಕಾಲ ತಂಗಿದ ನೀರನ್ನು ಮೇಲಕ್ಕೆತ್ತಿತು. ಅಂಥ ನೀರಿನಲ್ಲಿ ಬಂಡೆಯ ಖನಿಜಗಳಿಂದ ಕರಗಿದ ಫ್ಲೋರೈಡ್ ಹೆಚ್ಚಿರಬಹುದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಕಲೆ ಬೀಳುತ್ತದೆ, ಇನ್ನೂ ಹೆಚ್ಚಾದರೆ ದೊಡ್ಡವರ ಕೀಲು, ಬೆನ್ನು ಸೆಟೆದು ಬಗ್ಗದಂತಾಗುತ್ತವೆ. ಈ ಫ್ಲೋರೋಸಿಸ್ ರೋಗವನ್ನು ಭಾರತದಲ್ಲಿ ಮೊದಲು ವರದಿ ಮಾಡಿದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರು ಸೀಮೆಯಿಂದ. ವಿಜಯಪುರ ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿಯೂ ಫ್ಲೋರೈಡ್ ಮಿತಿ ಮೀರಿದೆ. ಕೊಳವೆಬಾವಿ ಕೊರೆದದ್ದು ತಪ್ಪೆಂದು ಇದರಿಂದ ಹೇಳುವಂತಿಲ್ಲ, ನಾರಿನ ನೋವನ್ನು ಕಂಡವರಾರೂ ಹಾಗೆನ್ನಲಾರರು. ಪರೋಪಜೀವಿ ವಿಜ್ಞಾನ ಕೊಟ್ಟ ಉತ್ತರವನ್ನು ಭೂವಿಜ್ಞಾನದ ಮುಂದೆಯೂ ಇಟ್ಟು ನೋಡಬೇಕಾಗಿತ್ತು ಎಂಬುದಷ್ಟೇ ಇಲ್ಲಿಯ ವಾದ.

ನೆಲ ಮತ್ತು ಬೆಳೆಯ ವಿಷಯವನ್ನು ಕಾಲಮಿತಿಯಿಂದ ಸಂಕ್ಷೇಪಿಸಬೇಕಾಗಿದೆ. 1876-78ರ ಮಹಾ ಬರದಲ್ಲಿ ಆಗ ಕಲಾದಗಿ ಎಂದು ಕರೆಯಲಾಗುತ್ತಿದ್ದ ಈ ಜಿಲ್ಲೆಯ ಜನಸಂಖ್ಯೆಯಲ್ಲಿ ಐದನೆಯ ಒಂದು ಭಾಗಕ್ಕೂ ಹೆಚ್ಚು ಕುಸಿತ ಕಂಡದ್ದನ್ನು 1872 ಮತ್ತು 1881ರ ಜನಗಣತಿಗಳು ತೋರಿಸುತ್ತವೆ. ಬರದ ಬೇಸಾಯವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಲು 1930ರ ದಶಕದಲ್ಲಿ ದೇಶದಲ್ಲಿ ಐದು ಕೇಂದ್ರಗಳು ಆರಂಭವಾದಾಗ ಅವುಗಳಲ್ಲೊಂದು ವಿಜಯಪುರಕ್ಕೆ ಬಂದಿತು. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕುವುದು, ಮಳೆಗಾಲದಲ್ಲಿ ಕುಂಟೆಯಿಂದ ಹರಗಿ ಹರಗಿ ಎರೆಯ ಬಿರುಕು ಮುಚ್ಚುವುದು, ಬೀಜ ಕಡಿಮೆ ಮಾಡಿ ಸಾಲು ಅಗಲಿಸುವುದು ಇವುಗಳನ್ನು ಕೇಂದ್ರ ಅಳೆದು ತೂಗಿ ಹೇಳಿತು. ಇವುಗಳಲ್ಲಿ ಅನೇಕವನ್ನು ಡೋಣಿ ಸಾಲಿನ ಒಕ್ಕಲಿಗರು ಮೊದಲೇ ಬಲ್ಲವರಾಗಿದ್ದರು; ಡೋಣಿ ಬೆಳೆದರೆ ಓಣಿಗೆಲ್ಲ ಜೋಳವೆಂಬ ನಾಣ್ಣುಡಿಯ ಹಿಂದೆ ಆ ಅರಿವಿದೆ. ಬಸವನ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ 1964ರಲ್ಲಿ ಅಡಿಗಲ್ಲು ಬಿದ್ದ ಅಣೆಕಟ್ಟು ಕೃಷ್ಣೆಯ ನೀರನ್ನು ಹೊಲಗಳಿಗೆ ತಂದಿತು, ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ಮುಳುಗಿಸಿತು, ಅದರ ಹಿನ್ನೀರು ಪಟ್ಟೆತಲೆ ಹೆಬ್ಬಾತುಗಳಿಗೂ ರಾಜಹಂಸಗಳಿಗೂ ಚಳಿಗಾಲದ ತಾಣವಾಯಿತು. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿರುವುದು ಒಣನೆಲದ ತೋಟಗಾರಿಕೆಗೆ ಸಂದ ಮನ್ನಣೆ.

ಕೊನೆಯದಾಗಿ, ಸಂಶೋಧನ ವಿದ್ಯಾರ್ಥಿಗಳ ಮುಂದೆ ಒಂದು ಕೆಲಸವನ್ನು ಇಡುವುದು ಈ ಉಪನ್ಯಾಸದ ಹೊಣೆ. ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಹಳೆಯ ಬಾವಿಗಳನ್ನು ಊರೂರಿಗೆ ಹೋಗಿ ಪಟ್ಟಿ ಮಾಡಬೇಕಾಗಿದೆ. ಒಂದೊಂದು ಬಾವಿಯ ಪುಟದಲ್ಲಿಯೂ ಅದರ ಹೆಸರು, ಕಟ್ಟಿಸಿದವರ ಶಾಸನವಿದ್ದರೆ ಅದರ ಪಡಿಯಚ್ಚು, ಕಲ್ಲುಗೆಲಸದ ನಕ್ಷೆ, ಅದರ ಬಗೆಗಿನ ಹಾಡು ಮತ್ತು ಐತಿಹ್ಯ, ಮೆಟ್ಟಿಲು ಮುಚ್ಚಿದ ವರ್ಷ, ಹತ್ತಿರದ ಕೊಳವೆಬಾವಿಯ ಆಳ, ಅದರ ನೀರಿನ ಫ್ಲೋರೈಡ್ ಪ್ರಮಾಣ ಇವೆಲ್ಲ ಒಟ್ಟಿಗೆ ಇರಬೇಕು. ಹಾಗಾಗಿ ಕನ್ನಡ ವಿಭಾಗದವರೂ ವೈದ್ಯಕೀಯ ಕಾಲೇಜಿನವರೂ ಭೂವಿಜ್ಞಾನದವರೂ ಒಂದೇ ತಂಡವಾಗಿ ಹೋಗಬೇಕು. ಮೊದಲು ಮಾತಾಡಿಸಬೇಕಾದವರು ಊರಿನಲ್ಲಿ ಕಡ್ಡಿಗೆ ನಾರು ಸುತ್ತಿ ತೆಗೆಯುವುದನ್ನು ಬಲ್ಲ ಹಿರಿಯರು. ದೇಶದಿಂದ ಆ ರೋಗ ಹೋಗಿ ಕಾಲು ಶತಮಾನ ದಾಟಿರುವುದರಿಂದ ಅವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಯಾವ ತಿಂಗಳಲ್ಲಿ ಹುಳು ಹೊರಬೀಳುತ್ತಿತ್ತು, ಯಾವ ಓಣಿಯವರಿಗೆ ಹೆಚ್ಚು, ಆ ವರ್ಷ ಯಾರ ಹೊಲ ಬಿತ್ತನೆಯಾಗದೆ ಉಳಿಯಿತು, ಯಾವ ಎಲೆಯನ್ನು ಅರೆದು ಹುಣ್ಣಿಗೆ ಕಟ್ಟುತ್ತಿದ್ದರು ಎಂಬುದನ್ನು ಅವರ ಬಾಯಿಂದಲೇ, ಅವರ ಮಾತಿನಲ್ಲಿಯೇ, ಬರುವ ಬೇಸಿಗೆಯ ರಜೆಯಲ್ಲಿಯೇ ಬರೆದುಕೊಳ್ಳಲು ಆರಂಭಿಸಬೇಕು.